ಉಪ್ಪು ಸುರಿಯುವವರೆಗೆ

ನಮ್ಮೂರಿಗೆ ಬಂದ ಹೊಸಬರು ರಂಗಸ್ವಾಮಿಯ ಅಂಗಡಿಯಲ್ಲಿ ಕ್ಷೌರಕ್ಕೆ ಕೂತರೆ ಒಂದು ಸಲವಾದರೂ ಬೆಚ್ಚಿಬೀಳುತ್ತಾರೆ. ಅರ್ಧ ಗಡ್ಡ ಹೆರೆದಾಗಿರುತ್ತದೆ, ಇನ್ನರ್ಧಕ್ಕೆ ನೊರೆ ಹಚ್ಚಿರುತ್ತಾನೆ, ಅಷ್ಟರಲ್ಲಿ ಗುಡ್ಡದ ಮೇಲಿನಿಂದ ನನ್ನ ಕೂಗು ಬರುತ್ತದೆ. ಅವನು ಕತ್ತಿಯನ್ನು ತಟ್ಟೆಯಲ್ಲಿಟ್ಟು, ಮೊಳೆಗೆ ನೇತುಹಾಕಿದ ಬಟ್ಟೆಯುಂಡೆಯನ್ನು ತೆಗೆದು ಬಲಗೈಯಲ್ಲಿ ಹಿಡಿದುಕೊಂಡು ಗೋಡೆಗೊರಗಿ ಕೂತುಬಿಡುತ್ತಾನೆ. "ಯಾಕಪ್ಪಾ, ಏನಾಯ್ತು?" ಎಂದು ಗಿರಾಕಿ ಕೇಳಿದರೆ, "ನನ್ನ ಬೆರಳು ಲ್ಯಾಬಿಗೆ ಕೆಲಸಕ್ಕೆ ಹೋಗವೆ ಸ್ವಾಮಿ. ಬರ್ಲಿ, ಆಮೇಲೆ ಮಾಡ್ತೀನಿ" ಎನ್ನುತ್ತಾನೆ. ಊರವರಾದರೆ ಏನೂ ಕೇಳುವುದಿಲ್ಲ, ನೊರೆ ಮುಖದಲ್ಲೇ ಪೇಪರು ಓದುತ್ತಾ ಕೂರುತ್ತಾರೆ.

ಕೂಗುವವಳು ನಾನು, ಪುಟ್ಟತಾಯಮ್ಮ. ಲ್ಯಾಬಿನ ತಾರಸಿಯ ಮೇಲೆ ತಗಡಿನ ತುತ್ತೂರಿ ಹಿಡಿದು ನಿಲ್ಲುವುದು ನನ್ನ ಕೆಲಸ. ಒಳಗೆ ಯಾರ ಸೀಸೆಯನ್ನು ಫ್ರೀಜರಿನಿಂದ ತೆಗೆಯುತ್ತಾರೋ ಅವರ ಹೆಸರು ಹಿಡಿದು, "ರಂಗಸ್ವಾಮೀ, ಕೈಲಿರೋದು ಕೆಳಗಿಡೂ" ಎಂದು ಕೂಗಬೇಕು. ಅಷ್ಟೇ ಮಾತು, ಅದಕ್ಕಿಂತ ಹೆಚ್ಚು ಒಂದು ಅಕ್ಷರವೂ ಇಲ್ಲ. ಆಮೇಲೆ ಒಂದು ಎಲೆ ಅಡಿಕೆ ಮಡಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು, ಕೆಳಗಿನವರಿಗೆ "ಆಯ್ತು" ಎಂದರೆ ಅವರು ಸೀಸೆಯ ಮುಚ್ಚಳ ತೆಗೆಯುತ್ತಾರೆ.

ಸೀಸೆಯಲ್ಲಿ ಇರುವುದು ಏನು ಎಂದು ಕೇಳಿದರೆ ನನಗೆ ತಿಳಿದಷ್ಟು ಹೇಳುತ್ತೇನೆ. ಮನುಷ್ಯನ ಮೈಯ ಕಣಕಣದಲ್ಲೂ ಒಂದು ಉದ್ದದ ದಾರ ಸುತ್ತಿಟ್ಟಿದೆಯಂತೆ. ಆ ದಾರವನ್ನು ಬೇಕಾದ ಜಾಗದಲ್ಲಿ ಹಿಡಿಯುವುದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆರಳುಗಳಿವೆಯಂತೆ. ಒಂದೊಂದು ಬೆರಳಿನ ಬುಡದಲ್ಲೂ ಒಂದು ಚೂರು ಸತು. ಸತು ಇದ್ದರೇ ಬೆರಳು ಮಡಚಿ ನಿಲ್ಲುವುದು, ದಾರ ಹಿಡಿಯುವುದು. ಅದೊಂದು ಪ್ರೋಟೀನು, ಸತುಬೆರಳು ಎನ್ನುತ್ತಾರೆ. ನಮ್ಮವರ ರಕ್ತದಿಂದ ಅದರ ಅಚ್ಚು ತೆಗೆದು, ಬ್ಯಾಕ್ಟೀರಿಯಾಗಳ ಹೊಟ್ಟೆಗೆ ಸೇರಿಸಿ, ಗಾಜಿನ ಬುಡ್ಡಿಗಳಲ್ಲಿ ಅಲ್ಲಾಡಿಸಿ ಬೆಳೆಸಿ, ಸೋಸಿ, ಕಿರುಬೆರಳಿಗಿಂತ ಚಿಕ್ಕ ಸೀಸೆಗಳಿಗೆ ತುಂಬುತ್ತಾರೆ. ಮೇಲೆ 'ಪ್ರಯೋಗಾಲಯದ ಸಂಶೋಧನೆಗೆ ಮಾತ್ರ' ಎಂದು ಅಂಟಿಸುತ್ತಾರೆ. ಒಂದು ಮನೆಗೆ ಒಬ್ಬರಾದರೂ ಅಚ್ಚು ಕೊಡಬೇಕು ಎನ್ನುವುದು ಊರಿನ ವಾಡಿಕೆ. ನಮ್ಮಜ್ಜಿಯ ಕಾಲಕ್ಕೇ ಇತ್ತು.

ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಸೀಸೆಯೊಳಗಿನ ಬೆರಳು ದಾರ ಹಿಡಿದರೆ ಅಚ್ಚು ಕೊಟ್ಟವರ ಬಲಗೈ ಮುಚ್ಚಿಕೊಳ್ಳುತ್ತದೆ. ಸೀಸೆಗೆ ಉಪ್ಪುನೀರು ಸುರಿದರೆ ಒಳಗಿನ ಬೆರಳು ದಾರ ಬಿಡುತ್ತದೆ, ಇಲ್ಲಿ ಕೈ ತೆರೆಯುತ್ತದೆ. ಅಲ್ಲಿಯವರೆಗೆ ಯಾವ ಪೈಲ್ವಾನ ಬಂದರೂ ಬಿಡಿಸಲಾರ. ಸೀಸೆಗಳು ಎಷ್ಟೇ ಇರಲಿ, ಕೈ ಒಂದೇ. ಯಾವ ಸೀಸೆಯಲ್ಲಿ ಏನಾದರೂ ಆ ಕೈಗೇ ಆಗುವುದು. ಹಾಗಾಗಿ ಅಚ್ಚು ಕೊಟ್ಟವರ ಮನೆಗಳಲ್ಲಿ ಬಾಗಿಲ ಪಕ್ಕ ಒಂದು ಮಡಕೆ ಉಪ್ಪುನೀರು ಇಟ್ಟಿರುತ್ತಾರೆ. ಮುಚ್ಚಿದ ಕೈಯನ್ನು ಅದರಲ್ಲಿ ಅದ್ದಿ ಕೂರುತ್ತಾರೆ. ಅದರಿಂದ ಏನೂ ಆಗುವುದಿಲ್ಲ, ಎಲ್ಲರಿಗೂ ಗೊತ್ತು. ಸುಮ್ಮನೆ ಕೂರುವುದಕ್ಕಿಂತ ವಾಸಿ ಎಂದು ಅದ್ದುತ್ತಾರೆ.

ಇನ್ನೊಂದು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲ್ಯಾಬಿನ ಕಪಾಟಿನಲ್ಲಿ ಸತು ಕೀಳುವ ನೀರು ಅಂತ ಒಂದು ಬಾಟಲಿ ಇದೆ. ಬೇರೆ ಕೆಲಸಗಳಿಗೆ ಬೇಕಾಗುತ್ತದಂತೆ. ಅದನ್ನು ಸತುಬೆರಳಿನ ಸೀಸೆಗೆ ಹಾಕಿದರೆ ಸತು ಕಿತ್ತುಬರುತ್ತದೆ, ಬೆರಳು ಬಿಚ್ಚಿ ಬಿದ್ದುಹೋಗುತ್ತದೆ, ಮತ್ತೆ ಮಡಚುವುದಿಲ್ಲ. ಬಡಗಿ ಗೋವಿಂದಯ್ಯನ ಸೀಸೆಗೆ ಯಾರೋ ಗೊತ್ತಿಲ್ಲದೆ ಅದನ್ನು ಹಾಕಿದ್ದರು. ಅವತ್ತಿನಿಂದ ಅವನ ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದೆ. ಅವನ ಉಳಿದ ಸೀಸೆಗಳೆಲ್ಲ ಬರೀ ನೀರಾದವು. ಅವನು ಈಗ ಸಾಮಿಲ್ಲಿನ ಬಾಗಿಲಲ್ಲಿ ಕೂತು ಬೇರೆಯವರ ಕೆಲಸಕ್ಕೆ ಹುಳುಕು ಹುಡುಕುತ್ತಾನೆ. ಎದುರಿಗೆ ಸಿಕ್ಕರೆ ನಾನು ಅವನ ಮುಖ ನೋಡುತ್ತೇನೆ, ಕೈ ನೋಡುವುದಿಲ್ಲ.

ನಮ್ಮ ಮನೆಯಿಂದ ಮೊದಲು ರಕ್ತ ಕೊಟ್ಟವಳು ನಾನೇ. ನನ್ನದು ದಾರವನ್ನು ಹಿಡಿಯಲೇ ಇಲ್ಲವಂತೆ. "ಬಾಯಿಗಿರೋ ಜೋರು ಬೆರಳಿಗಿಲ್ಲ" ಎಂದು ಊರೆಲ್ಲ ನಕ್ಕಿತು. ನನ್ನ ತಂಗಿ ಜಯಶೀಲ ಕೊಟ್ಟಳು. ಅಮ್ಮ ಹೋದ ಮೇಲೆ ಅವಳನ್ನು ತಲೆ ಬಾಚಿ, ಹೊಡೆದು ಬಡಿದು ಬೆಳೆಸಿದವಳು ನಾನು. ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಅವಳಂಥ ಕೈ ನಮ್ಮ ಸೀಮೆಯಲ್ಲಿಲ್ಲ. ರೇಷ್ಮೆ ಎಳೆಗಳನ್ನು ಸೇರಿಸಿ ಗಂಟು ಹಾಕಿದರೆ ಆ ಗಂಟು ಎಲ್ಲಿದೆ ಎಂದು ಹುಡುಕಬೇಕು. ಅವಳ ಸತುಬೆರಳೂ ಹಾಗೇ ಇತ್ತಂತೆ. ಹಿಡಿದರೆ ಹಿಡಿತ, ಒಂದಿಷ್ಟೂ ಜಾರುವುದಿಲ್ಲ. ಲ್ಯಾಬಿನ ಯಜಮಾನರು ಇಂದುಶೇಖರ ಸಾರ್ ಅದನ್ನು ಹೊಗಳಿದ್ದೇ ಹೊಗಳಿದ್ದು. ನನಗೂ ಹೆಮ್ಮೆಯಾಯಿತು, ಇಲ್ಲವೆನ್ನುವುದಿಲ್ಲ.

ಅವಳಿಗೆ ಬೋರೇಶನ ಜೊತೆ ಮದುವೆಯಾಯಿತು. ಮನೆ ಪಕ್ಕದ ಬೀದಿಯಲ್ಲೇ. ಅತ್ತೆ ದೇವೀರಮ್ಮ ಬಾಯಿ ಮಾತಿನಲ್ಲಿ ಒರಟು, ಮನಸ್ಸು ಮೆತ್ತಗೆ. ಜಯಶೀಲ ಬಸುರಿಯಾಗಿದ್ದಾಗ ಇಂದುಶೇಖರ ಸಾರ್ ಊರವರನ್ನೆಲ್ಲ ಲ್ಯಾಬಿನ ಜಗಲಿಗೆ ಕರೆದರು. ದೂರದೂರದ ಊರುಗಳಿಂದ ಅವಳ ಸತುಬೆರಳನ್ನು ಕೇಳುತ್ತಿದ್ದಾರೆ, ಯಾವ ಯಾವುದೋ ಕಾಯಿಲೆಯ ಬುಡ ಹುಡುಕುವುದಕ್ಕೆ ಬೇಕಂತೆ, ಕಳಿಸೋಣವೇ ಎಂದರು. ಅಲ್ಲಿಯವರೆಗೆ ಒಂದು ಸೀಸೆಯೂ ಊರು ದಾಟಿರಲಿಲ್ಲ.

"ಅಲ್ಲಿ ಕೂಗೋರು ಯಾರು?" ಎಂದು ರಂಗಸ್ವಾಮಿ ಕೇಳಿದ. ಒಳ್ಳೆಯ ಪ್ರಶ್ನೆ ಎಂದು ಎಲ್ಲರೂ ತಲೆಯಾಡಿಸಿದರು.

"ಪ್ರತಿ ಡಬ್ಬದ ಮೇಲೂ ಚೀಟಿ ಅಂಟಿಸ್ತೀವಿ" ಎಂದರು ಸಾರ್. "ತೆಗೆಯೋ ಮುಂಚೆ ಹೆಸರು ಹಿಡಿದು ಗಟ್ಟಿಯಾಗಿ ಕೂಗಬೇಕು ಅಂತ. ಇಂಗ್ಲಿಷಲ್ಲೂ ಬರೆಸೋಣ."

ಅಲ್ಲಿಂದ ಶುರುವಾಯಿತು ನೋಡಿ ಚರ್ಚೆ. ಜಯಶೀಲ ಎಂದರೆ ಆ ಕಡೆಯವರ ನಾಲಿಗೆಗೆ ಹೊರಳುತ್ತದೋ ಇಲ್ಲವೋ, ಜಯ ಎಂದರೆ ಸಾಲದೇ ಎಂದು ಮೇಷ್ಟ್ರು. "ಯಾವ ಜಯ ಅಂತ ಗೊತ್ತಾಗ್ಬೇಕಲ್ಲ, ಗಂಡನ ಹೆಸರೂ ಸೇರ್ಸಿ" ಎಂದು ದೇವೀರಮ್ಮ. ಕೊನೆಯ ಅಕ್ಷರವನ್ನು ಎಳೆಯದಿದ್ದರೆ ಕೂಗು ದೂರ ಹೋಗುವುದಿಲ್ಲ, ಅದನ್ನೂ ಬರೆಯಿರಿ ಎಂದು ನಾನು. ನನ್ನ ಮಾತಿಗೆ ಬಹಳ ಬೆಲೆ ಸಿಕ್ಕಿತು, ಕಸುಬಿನವಳಲ್ಲವೇ. ಮೇಷ್ಟ್ರು ಅದನ್ನೂ ಇಂಗ್ಲಿಷಿನಲ್ಲಿ ಬರೆದರು. ಹೊರದೇಶದಲ್ಲಿ ಓದಿ ಬಂದ ಸಾರ್ ಇದ್ದರು, ಮೇಷ್ಟ್ರು ಇದ್ದರು, ನಾನಿದ್ದೆ. ಆ ಕೂಗು ಇಲ್ಲಿಗೆ ಹೇಗೆ ಬಂದೀತು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಕೂಗಿದರೆ ಕೇಳಿಸುತ್ತದೆ ಎಂದೇ ನಾವು ಬದುಕಿದವರು. ಡಬ್ಬಗಳು ಹೊಗೆಯಾಡುವ ಐಸಿನಲ್ಲಿ ಕೂತು ಲಾರಿ ಹತ್ತಿದವು. ಹೆಂಗಸರು ಅವುಗಳಿಗೆ ಕುಂಕುಮ ಇಟ್ಟು ಕಳಿಸಿದರು.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಬೋರೇಶ ನನ್ನ ಮನೆ ಬಾಗಿಲಿಗೆ ಬಂದು ನಿಂತ. ಮುಖ ಸಿಡಿಮಿಡಿ ಎನ್ನುತ್ತಿತ್ತು. "ಅಲ್ಲಕ್ಕಾ, ಕೂಗ್ದೆ ತೆಗೆಯೋದಾ? ಅವಳು ಕುಚ್ಚು ಕಟ್ತಾ ಇದ್ಲು. ಎಳೆ ಸಮೇತ ಕೈ ಮುಚ್ಕೊಂಡೈತೆ" ಎಂದ.

ನಾನು ಅವರೆಕಾಳು ಬಿಡಿಸುತ್ತಿದ್ದೆ. ಅವತ್ತು ಲ್ಯಾಬಿಗೆ ರಜೆ. "ಯಾರು ತೆಗೆದ್ರು? ಬೀಗ ಹಾಕೈತಲ್ಲೋ" ಎಂದೆ. ಹೇಳಿದ ಮೇಲೆ ಇಬ್ಬರಿಗೂ ಲಾರಿ ಹತ್ತಿದ ಡಬ್ಬಗಳ ನೆನಪಾಯಿತು. ಕಾಳನ್ನು ಹಾಗೇ ಬಿಟ್ಟು ಇಂದುಶೇಖರ ಸಾರ್ ಮನೆಗೆ ಓಡಿದೆವು. ಊರಿಗೆಲ್ಲ ಸೇರಿ ಇರುವ ಫೋನು ಲ್ಯಾಬಿನದೊಂದೇ. ಅವರು ಬೀಗ ತೆಗೆದು, ಡಬ್ಬ ತರಿಸಿಕೊಂಡ ಒಂದು ಊರಿಗೆ ಫೋನು ಮಾಡಿದರು. ಆ ಕಡೆಯಿಂದ ಒಬ್ಬ ಹುಡುಗಿ ಮಾತಾಡಿದಳು. ಸಾರ್ ಹೂಂ ಹೂಂ ಎಂದು ಕೇಳಿಸಿಕೊಂಡು ರಿಸೀವರನ್ನು ಮೆಲ್ಲಗೆ ಇಟ್ಟರು.

"ಕೂಗಿದ್ರಂತೆ" ಎಂದರು. "ಚೀಟೀಲಿ ಇದ್ದ ಹಾಗೇ ಎಲ್ಲರೂ ಸೇರಿ ಕೂಗಿದ್ರಂತೆ. ತುಂಬ ಚೆನ್ನಾಗಿತ್ತು ಅಂತ ನಗ್ತಾ ಇದ್ಲು."

ಆ ನಗು ನನಗೆ ಕೇಳಿಸದಿದ್ದರೂ ಇವತ್ತಿಗೂ ಕಿವಿಯಲ್ಲಿದೆ. ಎಲ್ಲೋ ಒಂದು ದೊಡ್ಡ ಊರಿನಲ್ಲಿ, ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ಗುಂಪು ಸೇರಿ ನನ್ನ ತಂಗಿಯ ಹೆಸರನ್ನು ಎಳೆದೆಳೆದು ಕೂಗಿದ್ದಾರೆ. ಆ ಕೂಗು ಅವರ ಗೋಡೆಯನ್ನೂ ದಾಟಿಲ್ಲ.

ಸಾರ್ ಕೆಟ್ಟವರಲ್ಲ. ಎಲ್ಲ ಕಡೆಗೂ ಫೋನು ಮಾಡಿ, ತೆಗೆಯುವ ಮುಂಚೆ ಇಲ್ಲಿಗೆ ತಿಳಿಸಿ ಎಂದು ಬೇಡಿಕೊಂಡರು. ಮೊದಮೊದಲು ಕೆಲವರು ತಿಳಿಸಿದರು ಕೂಡ. ಆಮೇಲೆ ಒಬ್ಬರ ಸೀಸೆಯನ್ನು ಇನ್ನೊಬ್ಬರು ಹಂಚಿಕೊಂಡರು, ಅವರು ಇನ್ಯಾರಿಗೋ ಕೊಟ್ಟರು. ವಾಪಸು ಕೇಳಿದರೆ ಕೊಡಲಿಲ್ಲ. ಕೊನೆಗೆ ಯಾವ ಊರಿನ ಯಾವ ಫ್ರೀಜರಿನಲ್ಲಿ ನನ್ನ ತಂಗಿಯ ಬೆರಳುಗಳಿವೆ ಎಂದು ಹೇಳುವವರೇ ಇಲ್ಲವಾಯಿತು.

ಹೆದರಿಕೆ ಎಂದರೆ ಏನೆಂದು ನನಗೆ ಆಮೇಲೆ ಗೊತ್ತಾಯಿತು. ಮೊದಲೂ ಕೈಗಳು ಮುಚ್ಚುತ್ತಿದ್ದವು, ಆದರೆ ಹೇಳಿ ಕೇಳಿ ಮುಚ್ಚುತ್ತಿದ್ದವು. ಈಗ ಜಯಶೀಲ ಸೌಟು ಹಿಡಿದರೂ ನಾನು ಕಿತ್ತುಕೊಳ್ಳುತ್ತಿದ್ದೆ. ಒಂದು ಸಲ ಬಾವಿಕಟ್ಟೆಯಲ್ಲಿ ಹಗ್ಗದ ಮೇಲೆ ಕೈ ಮುಚ್ಚಿಕೊಂಡಿತು, ಕೊಡ ಕೆಳಗೆಳೆಯುತ್ತಿತ್ತು, ಪಕ್ಕದವರು ಸೊಂಟ ಹಿಡಿದುಕೊಳ್ಳದಿದ್ದರೆ ತುಂಬಿದ ಬಸುರಿ ಒಳಗೆ ಹೋಗುತ್ತಿದ್ದಳು. ಅವತ್ತಿನಿಂದ ಅವಳ ಬಲಗೈಗೆ ಬಟ್ಟೆಯುಂಡೆ ಕೊಟ್ಟು, ಹಳೆ ಸೀರೆ ಹರಿದು, ಮಣಿಕಟ್ಟಿನವರೆಗೂ ಸುತ್ತಿ ಕಟ್ಟಿಬಿಟ್ಟೆ. ಕುಚ್ಚಿನ ಕೆಲಸ ನಿಂತಿತು. ಕಟ್ಟಿದ ಕೈಯನ್ನು ಅವಳು ಬೇರೆ ಯಾರದೋ ಎನ್ನುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು.

ಹೆಣ್ಣು ಕೂಸು ಹುಟ್ಟಿತು. ಜಯಶೀಲ ಎಡಗೈಯಿಂದಲೇ ಎತ್ತಿಕೊಂಡಳು, ಎಡಗೈಯಿಂದಲೇ ಹಾಲು ಕುಡಿಸಿದಳು, ಎಡಗೈಯಿಂದಲೇ ಕಾಡಿಗೆ ಹಚ್ಚಿದಳು. ಎಣ್ಣೆ ನೀರು ಹಾಕುವುದು ದೇವೀರಮ್ಮ. ತೊಟ್ಟಿಲು ತೂಗುವುದು ನಾನು. ಒಂದು ಮಧ್ಯಾಹ್ನ ಕೂಸು ನಿದ್ದೆ ಹೋಗುತ್ತಿದ್ದಾಗ ಅವಳು, "ಅಕ್ಕಾ, ಇದರ ಕೆನ್ನೆ ಮೆತ್ತಗೈತಾ?" ಎಂದು ಕೇಳಿದಳು. "ದಿನಾ ಮುತ್ತು ಕೊಡ್ತೀಯಲ್ಲೇ" ಎಂದೆ. "ಬಲಗೈಯಲ್ಲಿ ಮುಟ್ಟಿ ನೋಡಿಲ್ಲ" ಎಂದಳು. ನಾನು ತೊಟ್ಟಿಲನ್ನು ಇನ್ನಷ್ಟು ತೂಗಿದೆ.

ಕೂಸು ಅಂಬೆಗಾಲಿಡುವ ಹೊತ್ತಿಗೆ ಕೈ ಮುಚ್ಚುವುದು ಕಡಿಮೆಯಾಗುತ್ತ ಬಂತು. ಆಮೇಲೆ ನಿಂತೇಹೋಯಿತು. ಒಂದು ತಿಂಗಳು ಹೋಯಿತು, ಇನ್ನೊಂದು ತಿಂಗಳೂ ಹೋಯಿತು. ಹೊರಗಿನ ಸೀಸೆಗಳೆಲ್ಲ ಖರ್ಚಾಗಿರಬೇಕು ಎಂದರು ಸಾರ್. ಲ್ಯಾಬಿನಲ್ಲಿ ಅವಳದು ಇನ್ನೊಂದೇ ಸೀಸೆ ಉಳಿದಿತ್ತು, ಅದನ್ನು ತೆಗೆಯುವುದಿಲ್ಲ ಎಂದು ಮಾತು ಕೊಟ್ಟಿದ್ದರು. ನಮ್ಮ ಬಿಗಿ ಸಡಿಲವಾಯಿತು. ದೇವೀರಮ್ಮನಿಗೆ ಸೊಸೆ ಎಡಗೈಯಲ್ಲಿ ಉಣ್ಣುವುದು ಮೊದಲಿನಿಂದಲೂ ಕಣ್ಣಿಗೆ ಚುಚ್ಚುತ್ತಿತ್ತು. "ಊಟದ ಹೊತ್ತಿಗಾದ್ರೂ ಬಿಚ್ಚೇ ಅದನ್ನ. ಅನ್ನಪೂರ್ಣೆ ಮೆಚ್ತಾಳಾ?" ಎಂದರು. ನಾನೂ ಬೇಡ ಎನ್ನಲಿಲ್ಲ. ಅನ್ನ ಹಿಡಿದು ಕೈ ಮುಚ್ಚಿದರೆ ಏನು ಮಹಾ ಆದೀತು, ಅನ್ನ ತಾನೆ.

ಅವತ್ತು ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ಹುರುಳಿಕಾಳಿನ ಬಸ್ಸಾರು ತೆಗೆದುಕೊಂಡು ಅವರ ಮನೆಗೆ ಹೋದೆ. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ದೇವೀರಮ್ಮ ಹಿಟ್ಟು ತರಲು ಒಳಗೆ ಹೋಗಿದ್ದರು. ಬೋರೇಶ ಕೈ ತೊಳೆಯುತ್ತಿದ್ದ. ಜಯಶೀಲ ಆಗತಾನೇ ಕಟ್ಟು ಬಿಚ್ಚಿ, ತಟ್ಟೆ ಮುಂದಿಟ್ಟುಕೊಂಡು, ಬೆರಳುಗಳನ್ನು ಮಡಚಿ ಬಿಡಿಸಿ ಮಾಡುತ್ತಿದ್ದಳು. ಕೂಸು ಚಾಪೆಯಿಂದ ಇಳಿದು ಒಲೆಯ ಕಡೆ ಹೊರಟಿದ್ದನ್ನು ನಾನೇ ಮೊದಲು ನೋಡಿದ್ದು. "ಏಯ್" ಎನ್ನುವಷ್ಟರಲ್ಲಿ ಅದು ಎಸರಿನ ಪಾತ್ರೆಗೆ ಕೈ ಚಾಚಿತ್ತು. ಜಯಶೀಲ ಬಗ್ಗಿ ಅದರ ಮುಂಗೈ ಹಿಡಿದು ಈಚೆಗೆಳೆದಳು. ಹತ್ತಿರವಿದ್ದ ಕೈ ಬಲಗೈ.

"ಕಣ್ಣು ಮಿಟುಕಿಸೋ ಹಂಗಿಲ್ಲ ಇದರ ಮುಂದೆ" ಎಂದು ಬೋರೇಶ ನಕ್ಕ. ನಾನೂ ನಕ್ಕೆ, ಕೂಸಿನ ಕುಂಡಿಗೆ ಮೆಲ್ಲಗೆ ಒಂದೇಟು ತಟ್ಟಿದೆ. ಜಯಶೀಲ ನಗಲಿಲ್ಲ. ತನ್ನ ಕೈಯನ್ನೇ ನೋಡುತ್ತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಅದನ್ನು ನೋಡಿ ನಮಗೆ ತಿಳಿಯಿತು. ಆಮೇಲೆ ಕೂಸು ಅಳಲು ಶುರುಮಾಡಿತು.

ಮೊದಲು ಬೋರೇಶ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಒಂದೂ ಅಲುಗಲಿಲ್ಲ. ಹರಳೆಣ್ಣೆ ಸುರಿದೆವು, ಜಾರಲಿಲ್ಲ. ದೇವೀರಮ್ಮ ಉಪ್ಪಿನ ಮಡಕೆಯನ್ನೇ ಎತ್ತಿಕೊಂಡು ಬಂದು ತಾಯಿ ಕೂಸು ಇಬ್ಬರ ಕೈಯನ್ನೂ ಒಳಗೆ ಅದ್ದಿ, "ಬಿಡವ್ವಾ, ಬಿಡು ತಾಯಿ" ಎಂದು ಆ ಕೈಗೇ ಬೇಡಿಕೊಳ್ಳತೊಡಗಿದರು. ಹಿಡಿತ ಇನ್ನೂ ಬಿಗಿಯಾಗುತ್ತಿತ್ತು. ಕೂಸಿನ ಅಂಗೈ ಕೆಂಪಗಾಯಿತು, ಆಮೇಲೆ ಕಪ್ಪುಗಟ್ಟುತ್ತ ಬಂತು. ಅದು ಅತ್ತು ಅತ್ತು ಉಸಿರು ಕಟ್ಟಿ, ಮತ್ತೆ ಅಳುತ್ತಿತ್ತು. ಸಮಾಧಾನಕ್ಕೆ ತಾಯಿಯ ಕಡೆಗೇ ತಿರುಗುತ್ತಿತ್ತು.

"ಮಚ್ಚು ತಗೊಂಬನ್ನಿ" ಎಂದಳು ಜಯಶೀಲ ಗಂಡನಿಗೆ.

ಬೋರೇಶ ಎದ್ದು ನಿಂತ. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದವನ ಹಾಗೆ ಅಲ್ಲೇ ತಿರುಗಿದ.

"ಮಚ್ಚು ಗಿಚ್ಚು ಅಂದ್ರೆ ನೋಡು" ಎಂದೆ. "ಕೂಸಿನ ಕೈಗೆ ಬಿದ್ರೆ?"

"ಹಂಗಾದ್ರೆ ನೀನು ಓಡಕ್ಕಾ. ಇಲ್ಲಿರೋ ಸೀಸೆಗೆ ಆ ನೀರು ಹಾಕ್ಸು. ಗೋವಿಂದಯ್ಯಂಗೆ ಆದಂಗೆ ಆಗ್ಲಿ" ಎಂದಳು. ನಾನು ಅವಳ ಮುಖ ನೋಡಿದೆ. "ಓಡು ಅಂದ್ನಲ್ಲ" ಎಂದು ಗದರಿದಳು. ಹುಟ್ಟಿದಾಗಿನಿಂದ ಅವಳು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

ನಾನು ಚಪ್ಪಲಿಯಿಲ್ಲದೆ ಗುಡ್ಡ ಹತ್ತಿದೆ. ಬಿಸಿಲಿಗೆ ಕಲ್ಲು ಕಾದಿತ್ತು. ಕೂಸಿನ ಅಳು ಬೀದಿಯ ತಿರುವಿನವರೆಗೂ ಕೇಳುತ್ತಿತ್ತು. ಕೇಳುವುದು ನಿಂತ ಮೇಲೆ ಇನ್ನೂ ಹೆದರಿಕೆಯಾಯಿತು. ದೂರಕ್ಕೆ ನಿಂತಿತೋ, ಅದಾಗಿಯೇ ನಿಂತಿತೋ. ಇಂದುಶೇಖರ ಸಾರ್ ಡಬ್ಬಿ ಬಿಚ್ಚಿ ಮೊಸರನ್ನ ತಿನ್ನುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಎಂಜಲು ಕೈಯಲ್ಲೇ ಫೋನು ಎತ್ತಿಕೊಂಡರು. ಒಂದು ಕಡೆ ರಿಂಗಾಗುತ್ತಲೇ ಇತ್ತು. ಇನ್ನೊಂದು ಕಡೆ ಸಿಕ್ಕವನು ಎಲ್ಲರೂ ಊಟಕ್ಕೆ ಹೋಗಿದ್ದಾರೆ, ಯಾರ ಮೇಜಿನ ಮೇಲೆ ಏನಿದೆ ತನಗೆ ಗೊತ್ತಿಲ್ಲ ಎಂದ. ಮತ್ತೊಂದು ನಂಬರು ಎಂಗೇಜ್. ಎಲ್ಲೋ ಯಾವನೋ ಪುಣ್ಯಾತ್ಮ ನನ್ನ ತಂಗಿಯ ಬೆರಳಿಗೆ ದಾರ ಕೊಟ್ಟು, ಉಪ್ಪು ಆಮೇಲೆ ಸುರಿದರಾಯಿತು ಎಂದು ಊಟಕ್ಕೆ ಎದ್ದು ಹೋಗಿದ್ದಾನೆ. ಅವನಿಗೆ ಅದು ತಪ್ಪೂ ಅಲ್ಲ.

"ಸಾರ್, ಆ ನೀರು ಹಾಕಿ" ಎಂದೆ.

"ಇನ್ನೊಂದು ಸಲ ಮಾಡಿ ನೋಡ್ತೀನಿ ತಡಿ" ಎಂದರು. "ಅದನ್ನ ಹಾಕಿದ್ರೆ ಅವಳ ಕೈ ಮತ್ತೆ ಬರಲ್ಲ ಪುಟ್ಟತಾಯಮ್ಮ. ನಾವ್ಯಾರೂ ತರೋಕಾಗಲ್ಲ."

"ಕೂಸಿನ ಕೈ ಬರುತ್ತಾ?"

ಅವರು ಫೋನು ಕೆಳಗಿಟ್ಟರು. ಫ್ರೀಜರು ತೆಗೆದು ಸೀಸೆಯನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿದರು. ಕಪಾಟಿನಿಂದ ಬಾಟಲಿ ತೆಗೆದರು. ಅದರಿಂದ ಒಂದಿಷ್ಟು ನೀರನ್ನು ಕೊಳವೆಗೆ ಎಳೆದುಕೊಂಡು ಸೀಸೆಯ ಬಾಯಿಯ ಹತ್ತಿರ ಹಿಡಿದರು. "ಮೊದಲು ಹೋಗಿ ಕೂಗು" ಎಂದರು. "ಕೂಗದೆ ನಾನು ಹಾಕಲ್ಲ."

ತಾರಸಿಗೆ ಹೋದೆ. ತುತ್ತೂರಿ ಬಿಸಿಲಿಗೆ ಕಾದು ತುಟಿ ಸುಟ್ಟಿತು. ಕೆಳಗೆ ಊರೆಲ್ಲ ಹೆಂಚುಗಳ ಕೆಳಗೆ ಊಟಕ್ಕೆ ಕೂತಿತ್ತು. ಅವಳ ಮನೆಯ ಹೆಂಚು ಗುರುತು ಹಿಡಿದೆ. ಅವಳ ಕೈಯಲ್ಲಿರುವುದು ಕೂಸು. ಅದನ್ನು ಕೆಳಗಿಡು ಎಂದು ನಾನು ಕೂಗಬೇಕು. ಇಡಲಾರದ್ದಕ್ಕೇ ತಾನೇ ನಾನಿಲ್ಲಿ ನಿಂತಿರುವುದು. ಆದರೂ ಕೂಗಿದೆ. "ಜಯಶೀಲಾ, ಕೈಲಿರೋದು ಕೆಳಗಿಡೂ." ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಕೂಗಿಲ್ಲ. ರಂಗಸ್ವಾಮಿ ಅಂಗಡಿಯಿಂದ ಹೊರಗೆ ಬಂದು ಮೇಲೆ ನೋಡಿದ.

ಬೋರೇಶ ಗುಡ್ಡದ ದಾರಿಯಲ್ಲಿ ಓಡಿಬರುತ್ತಿರುವುದು ಕಾಣಿಸಿತು. ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದ, ಏನೋ ಹೇಳುತ್ತಿದ್ದ. ಆ ದೂರಕ್ಕೆ ಬಾಯಿ ತೆರೆದದ್ದು ಮಾತ್ರ ಕಾಣುತ್ತಿತ್ತು. ಕೂಸಿಗೆ ಏನೋ ಆಗಿಹೋಗುತ್ತಿದೆ, ಬೇಗ ಮಾಡಿ ಎನ್ನುತ್ತಿದ್ದಾನೆ ಎಂದುಕೊಂಡೆ. ಎಲೆ ಅಡಿಕೆಯ ಹೊತ್ತನ್ನು ನಾನು ಕಾಯಲಿಲ್ಲ. ಮೆಟ್ಟಿಲ ಬಾಯಿಗೆ ಬಗ್ಗಿ, "ಹಾಕಿ ಸಾರ್, ಹಾಕ್ಬಿಡಿ" ಎಂದೆ. "ಹಾಕ್ದೆ" ಎನ್ನುವುದು ಕೆಳಗಿನಿಂದ ಕೇಳಿತು.

ನಾನು ಇಳಿದು ಅಂಗಳಕ್ಕೆ ಬರುವ ಹೊತ್ತಿಗೆ ಬೋರೇಶ ಗೇಟಿನಲ್ಲಿದ್ದ. ಗೇಟು ಹಿಡಿದು ಬಗ್ಗಿ ಉಸಿರು ತೆಗೆದುಕೊಂಡ. ಆಮೇಲೆ ನಗುತ್ತ, "ಬಿಡ್ತು ಅಕ್ಕಾ. ಕೂಸು ಚೆನ್ನಾಗೈತೆ. ಬಿಟ್ಬಿಡ್ತು" ಎಂದ.

ನಾನು ಅಲ್ಲೇ ಕೂತುಬಿಟ್ಟೆ. ಅಯ್ಯೋ ದೇವರೇ, ಗೆದ್ದೆವು ಎಂದುಕೊಂಡೆ. ಹೋದರೆ ಕೈ ಹೋಯಿತು, ಕೂಸು ಉಳಿಯಿತಲ್ಲ. ಆಮೇಲೆ ನಿಧಾನಕ್ಕೆ ಲೆಕ್ಕ ತಪ್ಪಿತು. ಅವರ ಮನೆಯಿಂದ ಇಲ್ಲಿಗೆ ಓಡಿಬರಲು ಹೊತ್ತು ಬೇಕು. ನಾನು ಕೂಗುವಾಗ ಅವನು ಆಗಲೇ ಅರ್ಧ ಗುಡ್ಡದಲ್ಲಿದ್ದ.

"ಯಾವಾಗ ಬಿಡ್ತೋ?" ಎಂದು ಕೇಳಿದೆ.

"ನೀನು ಈ ಕಡೆ ಬಂದ ಸ್ವಲ್ಪ ಹೊತ್ತಿಗೆ. ತಾನಾಗೇ ಬಿಚ್ಕೊಂಡ್ತು. ಅದಕ್ಕೇ ಹೇಳೋಕೆ ಓಡ್ಬಂದೆ. ಹಾಕಿಲ್ಲ ತಾನೆ?" ಎಂದ. ಬಾಗಿಲಲ್ಲಿ ಇಂದುಶೇಖರ ಸಾರ್ ಖಾಲಿ ಕೊಳವೆ ಹಿಡಿದು ನಿಂತಿದ್ದರು. ಬೋರೇಶ ಅವರನ್ನು ನೋಡಿದ, ನನ್ನನ್ನು ನೋಡಿದ. ನಗು ಮುಖದಲ್ಲೇ ಉಳಿದಿತ್ತು, ಅದನ್ನು ತೆಗೆಯುವುದು ಅವನಿಗೆ ತಿಳಿಯಲಿಲ್ಲ.

ಮೂರು ಜನವೂ ಗುಡ್ಡ ಇಳಿದೆವು. ಮನೆಯ ಒಳಗೆ ದೇವೀರಮ್ಮ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ಅದು ಅತ್ತು ಸುಸ್ತಾಗಿ ನಿದ್ದೆ ಹೋಗಿತ್ತು. ಮುಂಗೈಯ ಸುತ್ತ ಬೆರಳುಗಳ ಗುರುತು ನೀಲಿಯಾಗಿತ್ತು, ಅಂಗೈಗೆ ಮಾತ್ರ ಬಣ್ಣ ಬಂದಿತ್ತು. ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಒಲೆಯ ಮೇಲೆ ಎಸರು ಬತ್ತಿಹೋಗಿತ್ತು. ಜಯಶೀಲ ಹೊಸ್ತಿಲ ಪಕ್ಕ ಗೋಡೆಗೊರಗಿ ಕೂತಿದ್ದಳು. ಬಲಗೈ ನೆಲದ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ನಾನು ಅದನ್ನು ಎತ್ತಿ ನನ್ನ ಕೈಯಲ್ಲಿಟ್ಟುಕೊಂಡೆ. ಎಲ್ಲ ಬೆರಳುಗಳೂ ನನ್ನ ಬೆರಳುಗಳ ಮೇಲಿಂದ ಜಾರಿ ಕೆಳಗಿಳಿದವು. ನಾನು ಅತ್ತುಬಿಟ್ಟೆ. ದೊಡ್ಡವಳು, ಧೈರ್ಯ ಹೇಳಬೇಕಾದವಳು, ಅವಳ ಮುಂದೆ ನೆಲಕ್ಕೆ ತಲೆ ಚಚ್ಚಿಕೊಂಡು ಅತ್ತೆ.

"ಅಳಬೇಡ ಸುಮ್ನಿರಕ್ಕಾ" ಎಂದಳು. ಪಿಸುದನಿ. "ಅಲ್ಲಿ ಯಾರೋ ಊಟ ಮುಗಿಸ್ಕೊಂಡು ಬಂದು ಉಪ್ಪು ಸುರಿದ್ರು ಅಂತ ಕಾಣುತ್ತೆ. ಕೈ ಬಿಟ್ಟ ತಕ್ಷಣ ಇವರನ್ನ ಓಡಿಸ್ದೆ. ಅಷ್ಟರಲ್ಲಿ ನಿನ್ನ ಕೂಗು ಬಂತು. ಚೆನ್ನಾಗಿ ಕೇಳಿಸ್ತು."

ಅಷ್ಟು ಹೇಳಿ ಎಂಜಲು ನುಂಗಿದಳು. ನುಂಗುವಾಗ ಮುಖ ಕಿವುಚಿಕೊಂಡಿತು.

"ನಾನೂ ಬೀದಿಗೆ ಬಂದು ಕೂಗ್ದೆ. ಬೇಡ ಅಕ್ಕಾ, ಬೇಡ ಅಕ್ಕಾ ಅಂತ" ಎಂದಳು.

ಕೂಸು ಏಳುತ್ತದೆ ಎಂದು ಮೆಲ್ಲಗೆ ಮಾತಾಡುತ್ತಿದ್ದಾಳೆ ಎಂದು ನಾನು ತಿಳಿದುಕೊಂಡಿದ್ದೆ. ಅವಳಿಗೆ ದನಿಯೇ ಉಳಿದಿರಲಿಲ್ಲ.